ಹದಿಮೂರರ ಮೇಲೊಂದು

ದೀಪ ಹಾಗೇ ಇರಲಿ, ದೊಡ್ಡದು ಮಾಡಬೇಡಿ. ಹೇಳ್ತೀನಿ... ಮಧ್ಯೆ ಯಾರೂ ನಗಬಾರದು, ಅಷ್ಟೆ. ಇದು ನಮ್ಮ ದೊಡ್ಡಪ್ಪನ ಮಗಳು ಮೈತ್ರೇಯಿ ಅಕ್ಕನಿಗೆ ಆದದ್ದು.

ಕತ್ತಲು ಇಳೀತಾ ಇತ್ತು. ಅಕ್ಕ ಒಬ್ಬಳೇ ಕೆರೆ ಏರಿ ಇಳಿದು ಬಸ್ ರೋಡಿನ ಕಡೆ ನಡೀತಾ ಇದ್ದಳು. ಕಂಬೈನಲ್ಲೂರಿನಿಂದ ಒಳಕ್ಕೆ ಹೋದರೆ ಸಿಗೋ ಕೆರೆ ಅದು. ಹೆಸರು ಹೇಳಲ್ಲ, ಅಲ್ಲಿ ಈಗಲೂ ಸಂಸಾರಗಳಿವೆ. ದಾರೀಲಿ ಒಂದು ಆಲದ ಮರ. ಮರದ ಬುಡಕ್ಕೇ ಹಳೇ ಕಲ್ಲು ಬಾವಿ. ನೆಲದ ಮೇಲೆ ಮೊಣಕಾಲೆತ್ತರದ ಕಟ್ಟೆ. ಬರುವಾಗ ಆ ಕಟ್ಟೆ ಮೇಲೆ ಕೂತು ಗಂಡ ಹೆಂಡತಿ ಇಡ್ಲಿ ತಿಂದಿದ್ದರು. ಈಗ ಅವಳೊಬ್ಬಳೇ. ಯಾಕಂದ್ರೆ ಭಾವ ಬರಲಿಲ್ಲ.

ಭಯ ಇರಲಿಲ್ಲ ಅವಳಿಗೆ. ಸಿಟ್ಟಿತ್ತು. ಕಾಲು ನೆಲಕ್ಕೆ ಬಡ್ಕೊಂಡು ನಡೀತಾ ಇದ್ದಳು... ಧಪ್, ಧಪ್, ಧಪ್.

ಭಾವನ ಹೆಸರು ಗುರುಚರಣ್. ಸೇಲಂನಲ್ಲಿ ಒಂದು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ. ಅಕ್ಕ ಹೈಸ್ಕೂಲ್ ಟೀಚರ್. ತೊಂಬತ್ತನಾಲ್ಕರ ಮಾತಿದು, ಪೊಂಗಲ್ ಮುಗಿದಿತ್ತು. ಆ ಕಾಲಕ್ಕೆ ಭಾನುವಾರ ಬಂತು ಅಂದ್ರೆ ಇವರಿಬ್ಬರೂ ಮನೇಲಿ ಇರ್ತಿರಲಿಲ್ಲ. ಕುತ್ತಿಗೆಗೆ ಬೈನಾಕ್ಯುಲರ್, ಚೀಲದಲ್ಲಿ ಬುತ್ತಿ. ಯಾವುದೋ ಬಸ್ ಹತ್ತಿ ಯಾವುದೋ ಕೆರೆ. ಮೆಟ್ಟೂರಿನ ಹಿನ್ನೀರು, ಹರೂರಿನ ಕಡೆಯ ಡ್ಯಾಮುಗಳು, ತಾರಮಂಗಲದ ಸುತ್ತಿನ ಕೆರೆಗಳು... ಒಂದೂ ಬಿಟ್ಟಿಲ್ಲ. ನೆಂಟರೆಲ್ಲ ಅವರನ್ನ ಕೊಕ್ಕರೆ ದಂಪತಿ ಅಂತಿದ್ದರು.

ಅಕ್ಕನಿಗೆ ನಡೆಯೋದು ಇಷ್ಟ. ಏರಿ ಮೇಲೆ ಗಾಳಿಗೆ ಮೈಯೊಡ್ಡಿ ನಡೆದು, ಕಂಡ ಹಕ್ಕಿ ಕಂಡು, ಹೊತ್ತಿಗೆ ಸರಿಯಾಗಿ ಮನೆಗೆ ಬಂದ್ರೆ ಅವಳಿಗೆ ಸಾಕು. ಭಾವನಿಗೆ ಸಾಲದು. ಅವರಿಗೆ ಎಣಿಸಬೇಕು. ಲೆಕ್ಕ ತಪ್ಪಿದ್ರೆ ಮತ್ತೆ ಮೊದಲಿಂದ. ಭಾವ ಓದಿದ್ದು ತಮಿಳು ಸ್ಕೂಲಲ್ಲಿ. ಮನೇಲಿ ಆಡೋದು ಕನ್ನಡವೇ, ಆದ್ರೆ ಎಣಿಕೆ ಮಾತ್ರ ತಮಿಳು. ಒಣ್ಣು, ರೆಂಡು, ಮೂಣು... ಹಾಲಿನ ಪ್ಯಾಕೆಟ್ ಎಣಿಸಿದ್ರೂ ಹಾಗೇ.

ಭಾವನ ತಲೇಲಿ ಕೂತಿದ್ದು ಪಟ್ಟೆತಲೆ ಬಾತು. ಬೂದು ಮೈ, ಬಿಳೀ ತಲೆ, ಹಿಂದಲೆಗೆ ಎರಡು ಕಪ್ಪು ಗೆರೆ. ಹಿಮಾಲಯ ದಾಟಿ ಚಳಿಗಾಲಕ್ಕೆ ಬರೋ ಹಕ್ಕಿ. ಈ ಕೆರೆಗೆ ಬರುತ್ತೆ ಅಂತ ಯಾರೋ ಹೇಳಿದ್ದರು. ಮೊದಲನೇ ವರ್ಷ ಇವರು ಹೋಗೋ ಹೊತ್ತಿಗೆ ಹಕ್ಕಿ ಹಾರಿಹೋಗಿತ್ತು. ಎರಡನೇ ವರ್ಷ ಕೆರೇಲಿ ನೀರೇ ಇಲ್ಲ, ಹುಡುಗರು ಕ್ರಿಕೆಟ್ ಆಡ್ತಿದ್ದರು. ಮೂರನೇ ವರ್ಷ... ಅವತ್ತು.

ಅವತ್ತೂ ಮೊದಲಿಂದಲೇ ಕೆಟ್ಟಿತ್ತು. ದಾರೀಲಿ ಬಸ್ಸು ಪಂಕ್ಚರ್. ಸ್ಟೆಪ್ನಿ ಇಲ್ಲ. ಬೆಳ್ಳಂಬೆಳಗ್ಗೆ ಸೇರಬೇಕಾದವರು ಬಿಸಿಲೇರಿದ ಮೇಲೆ ಸೇರಿದ್ರು. ನೀರು ಕನ್ನಡಿ ಥರ ಕಣ್ಣಿಗೆ ಹೊಡೀತಿತ್ತು. ನಡುನೀರಲ್ಲಿ ಏನೋ ಕಪ್ಪಗೆ ತೇಲ್ತಿದ್ದಿದ್ದು ಬಾತೋ ನೀರುಕಾಗೆಯೋ ಅಂತ ತಿಳಿಯೋ ಹೊತ್ತಿಗೆ ಮೀನು ಹಿಡಿಯೋನೊಬ್ಬ ಪರಿಸಲು, ಅದೇ ಹರಿಗೋಲು, ಬಿಟ್ಕೊಂಡು ಮಧ್ಯಕ್ಕೇ ಹೋದ. ಎಲ್ಲಾ ಎದ್ದು ಆಚೆ ದಡಕ್ಕೆ. ಭಾವ ಸುತ್ತು ಹಾಕ್ಕೊಂಡು ಆಚೆ ದಡಕ್ಕೆ ಹೋದ್ರು. ಹಕ್ಕಿ ಈಚೆಗೆ ಬಂತು. ಮತ್ತೆ ಈಚೆಗೆ ಬಂದ್ರು. ಯಾರದೋ ನಾಯಿ ನೀರಿಗೆ ಬಿತ್ತು... ಹೀಗೇ ದಿನ ಪೂರ್ತಿ. ಅಕ್ಕನ ಚಪ್ಪಲಿ ಕಿತ್ತುಹೋಗಿ ಸೇಫ್ಟಿಪಿನ್ ಹಾಕ್ಕೊಂಡು ಎಳೀತಾ ನಡೆದಳು.

ಹೊತ್ತು ಮುಳುಗೋವಾಗ ಬಾತುಗಳು ತಾವಾಗೇ ಬಂದು ತೂಬಿನ ಹತ್ತಿರ ಇಳಿದವು. ಕೊನೇ ಬಸ್ಸಿಗೆ ಹೊತ್ತಾಗಿತ್ತು. ಅಕ್ಕ ಕರೆದಳು. ಭಾವ ತಿರುಗಿ ನೋಡಲಿಲ್ಲ. ಎಣಿಸಿ ಬಂದುಬಿಡ್ತೀನಿ, ನೀನು ಹೋಗಿ ಬಸ್ಸು ನಿಲ್ಲಿಸಿರು ಅಂದ್ರು. ಅವಳಿಗೆ ನಾಲಗೆ ತುದೀಲಿ ನೂರು ಮಾತು ಬಂತು. ಒಂದನ್ನೂ ಆಡದೆ ಹೊರಟುಬಿಟ್ಟಳು.

ಆಲದ ಮರದ ಹತ್ತಿರ ಬಂದಾಗ ದೂರದ ರೋಡಲ್ಲಿ ಬಸ್ಸಿನ ದೀಪ ಕಾಣಿಸ್ತು. ಓಡಿದಳು. ಪಿನ್ನು ಬಿಚ್ಚಿ ಚಪ್ಪಲಿ ಕಾಲಿಂದ ಜಾರಿತು. ಬಸ್ಸು ನಿಲ್ಲಲಿಲ್ಲ. ಹಾರನ್ ಹೊಡೀತಾ ಹೋಗೇಬಿಡ್ತು.

ಅಕ್ಕ ವಾಪಸ್ ಬಂದು ಬಾವಿಕಟ್ಟೆ ಮೇಲೆ ಕುಕ್ಕರಿಸಿದಳು. ಸಿಟ್ಟಿಗೆ ಅಳು ಬಂತು. ನಾಳೆ ಸ್ಕೂಲು, ತಿದ್ದದ ಪೇಪರು, ಹರಿದ ಚಪ್ಪಲಿ, ಈ ಮನುಷ್ಯ... ಸೀರೆ ಸೆರಗಲ್ಲಿ ಮೂಗು ಒರೆಸ್ಕೊಂಡಳು. ಮರದಲ್ಲಿ ಬಾವಲಿಗಳು ಕಿಚ ಕಿಚ ಅಂತಿದ್ದವು. ಆಲದ ಹಣ್ಣೊಂದು ಬಾವಿಗೆ ಬಿತ್ತು. ಟುಳುಕ್.

ಆಮೇಲೆ... ಬಾವಿಯೊಳಗಿಂದ ಭಾವನ ದನಿ.

"ಪದಿನೊಣ್ಣು... ಪನ್ನೆಂಡು... ಪದಿಮೂಣು."

ಅಕ್ಕ ಕಟ್ಟೆಯಿಂದ ಎದ್ದಳು. ಕೆರೆ ಎಲ್ಲಿ, ಬಾವಿ ಎಲ್ಲಿ. ಎರಡಕ್ಕೂ ಒಂದೇ ಊಟೆ ಇರಬೇಕು, ನೀರಿನ ಮೇಲೆ ದನಿ ಹರಿದು ಬಂದಿರಬೇಕು ಅಂತ ಅಂದ್ಕೊಂಡಳು. ಬಗ್ಗಿದಳು. ಕೆಳಗೆ ಬರೀ ಕಪ್ಪು. ಭಾವ ಹದಿಮೂರಕ್ಕೆ ನಿಲ್ಲಿಸಿದ್ರು. 

ಆಮೇಲೆ ಇನ್ನೊಂದು ದನಿ. ಕನ್ನಡದಲ್ಲಿ. ಪಿಸುಗುಟ್ಟಿದ ಹಾಗೆ.

"ಅದಿನಾಕು."

ತಪ್ಪಿತು ಅನ್ನೋ ಹಾಗೆ ಭಾವ ನಾಲಗೆ ಲೊಚಗುಟ್ಟಿದ್ದು ಕೇಳಿಸ್ತು. ಅದು ಅವರ ಅಭ್ಯಾಸ, ಅಕ್ಕನಿಗೆ ಗೊತ್ತು. ಪಚಕ್... ಅಂತ ಒಂದು ಸದ್ದು, ಕೆಸರಲ್ಲಿ ಕಾಲು ಕಿತ್ತಿಟ್ಟ ಹಾಗೆ. ಮತ್ತೆ ಮೊದಲಿಂದ. ಒಣ್ಣು, ರೆಂಡು, ಮೂಣು... ಹದಿಮೂರು. "ಅದಿನಾಕು. ಇನ್ನೊಂದೈತೆ, ಮುಂದುಕ್ ಬಾ." ಪಚಕ್.

ಅಕ್ಕ ಇನ್ನೊಂದು ಚಪ್ಪಲೀನೂ ಅಲ್ಲೇ ಬಿಟ್ಟು ಕೆರೆ ಕಡೆಗೆ ಓಡಿದಳು.

ಏರಿ ಹತ್ತಿದಾಗ ತೆಳ್ಳಗೆ ಚಂದ್ರ ಇತ್ತು. ಬಾತುಗಳು ತೂಬಿನ ಕಲ್ಲುಗಳ ಆಚೆ ಒಟ್ಟಾಗಿ ತೇಲ್ತಾ ಇದ್ದವು. ಆಂಗ್... ಆಂಗ್... ಅಂತ ಮೆಲ್ಲಗೆ ಮೂಗಲ್ಲಿ ಮಾತಾಡ್ಕೊಳ್ತಿದ್ದವು. ತೂಬಿನ ಮುಂದೆ ಹೂಳು ಇರುತ್ತೆ, ಎಷ್ಟೋ ವರ್ಷದ್ದು. ಮೇಲೆ ನೋಡಿದ್ರೆ ನೆಲ, ಕಾಲಿಟ್ರೆ ತಳ ಇಲ್ಲ. ಆ ಹೂಳಿನಲ್ಲಿ ಭಾವ ತೊಡೆ ಮಟ್ಟ ಇಳಿದು ನಿಂತಿದ್ರು. ಕಣ್ಣಿಗೆ ಬೈನಾಕ್ಯುಲರ್. ಆ ಕತ್ತಲಲ್ಲಿ.

ಅವರ ಪಕ್ಕ ಯಾರೂ ಇರಲಿಲ್ಲ. ಅಕ್ಕ ಇದನ್ನ ಎಷ್ಟು ಸಲ ಕೇಳಿದ್ರೂ ಹಾಗೇ ಹೇಳ್ತಾಳೆ. ಯಾರೂ ಇರಲಿಲ್ಲ.

ಕರೆದಳು. ಬನ್ನಿ, ಹೂತು ಹೋಗ್ತಾ ಇದೀರಿ ಅಂದಳು.

"ಸುಮ್ನಿರು ಮೈತ್ರಿ," ಅಂದ್ರು ಭಾವ, ದಿನಾ ಅನ್ನೋ ಹಾಗೇ, ಸ್ವಲ್ಪ ಬೇಸರದಲ್ಲಿ. "ಇವರು ಸರಿಯಾಗಿ ಹೇಳ್ತಿದ್ದಾರೆ. ಒಂದು ತಪ್ಪಿಹೋಗ್ತಾ ಇದೆ."

"ಯಾರು ಇವರು?"

ಭಾವ ಎಡಗಡೆ ತಲೆಯಾಡಿಸಿದ್ರು. ಅಲ್ಲಿ ನೀರು. ಮತ್ತೆ ಎಣಿಸೋಕೆ ಶುರು ಮಾಡಿದ್ರು. ಹದಿಮೂರು ಆಯ್ತು. ಆಗ ಆ ಎಡಗಡೆಯಿಂದ, ನೀರಿನ ಮಟ್ಟದಿಂದ... ಗಲ್ಲದವರೆಗೆ ಮುಳುಗಿದವನೊಬ್ಬ ಮಾತಾಡಿದ ಹಾಗೆ... ಆ ಪಿಸುಮಾತು.

"ಅದಿನಾಕು."

ಭಾವ ಲೊಚಗುಟ್ಟಿ ಒಂದು ಹೆಜ್ಜೆ ಮುಂದಿಟ್ರು. ಪಚಕ್. ಹೂಳು ಸೊಂಟಕ್ಕೆ ಬಂತು.

ಅಕ್ಕನಿಗೆ ಮೊದಲು ಬಂದಿದ್ದು ಭಯ ಅಲ್ಲವಂತೆ. ನಮಗೆ ಹಾಗೇ ಹೇಳಿದಳು. ಮೂರು ವರ್ಷ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತಂತೆ. ಬಗ್ಗಿ ಕೈಗೆ ಸಿಕ್ಕ ಕಲ್ಲು ತಗೊಂಡಳು. ಬೀಸಿ ಬಾತುಗಳ ನಡುವೆ ಎಸೆದಳು. ಇನ್ನೊಂದು. ಇನ್ನೊಂದು. ಧಬಕ್... ಧಬಕ್... ಇಡೀ ಹಿಂಡು ಅರಚ್ಕೊಂಡು ಎದ್ದಿತು. ರೆಕ್ಕೆ ನೀರಿಗೆ ಬಡೀತಾ ಪಟ ಪಟ ಪಟ ಅಂತ. ತಲೆ ಮೇಲೆ ಹಾದು ಹೋಯ್ತು. ಆಂಗ್, ಆಂಗ್... ದೂರ... ಇನ್ನೂ ದೂರ...

ಕೆರೆ ಖಾಲಿ. ಎಣಿಸೋಕೆ ಏನೂ ಉಳೀಲಿಲ್ಲ.

ಭಾವ ಬೈನಾಕ್ಯುಲರ್ ಇಳಿಸಿದ್ರು. ನಿದ್ದೆಯಿಂದ ಎದ್ದವರ ಹಾಗೆ ತಮ್ಮ ಸೊಂಟ ನೋಡ್ಕೊಂಡ್ರು. ಕಾಲು ಎತ್ತೋಕೆ ನೋಡಿದ್ರು. ಬರಲಿಲ್ಲ. ಆಗ ಅವರ ಮುಖ ಬದಲಾಯ್ತು.

ಕಪ್ಪೆ ಕೂಗ್ತಿರಲಿಲ್ಲ. ಗಾಳಿ ಇರಲಿಲ್ಲ. ಅಂಥ ಮೌನದಲ್ಲಿ, ಅದೇ ಜಾಗದಿಂದ...

"ಒಂದು."

ಆಮೇಲೆ, ಅಕ್ಕನ ಕಡೆಗೆ ತಿರುಗಿದ ಹಾಗೆ...

"ಎಲ್ಡು."

ಏರಿ ಪಕ್ಕ ಒಣಗಿದ ತೆಂಗಿನ ಸೋಗೆಗಳು ಬಿದ್ದಿದ್ದವು. ಅಕ್ಕ ದರದರ ಎಳೆದು ತಂದು ಹೂಳಿನ ಮೇಲೆ ಹಾಸಿದಳು, ಅದರ ಮೇಲೆ ಬೋರಲಾಗಿ ಮಲಗಿ ಕೈ ಚಾಚಿದಳು. ಭಾವನ ಮಣಿಕಟ್ಟು ಸಿಕ್ಕಿತು. ಎಳೆದಳು. ಹೂಳು ಬಿಡಲಿಲ್ಲ. ಭಾವ ಸೋಗೆಯ ದಿಂಡು ಹಿಡಿದು ಮುಂದಕ್ಕೆ ಬಾಗಿದ್ರು, ಅಕ್ಕ ಮತ್ತೆ ಎಳೆದಳು. ಎಷ್ಟು ಹೊತ್ತೋ ಅವಳಿಗೆ ನೆನಪಿಲ್ಲ. ಕೊನೆಗೆ ಬುಳುಕ್ ಅಂತ ಬಿಟ್ಟಿತು. ಇಬ್ಬರೂ ಅಂಬೆಗಾಲಲ್ಲಿ ಏರಿ ಹತ್ತಿದ್ರು. ತಿರುಗಿ ನೋಡಲಿಲ್ಲ.

ಏರಿ ಕೊನೇಲಿ ಒಂದು ಮನೆ. ಸಿದ್ದಪ್ಪ ಅಂತ ಬೇಸಾಯಗಾರ, ಕನ್ನಡದವರೇ. ಹೆಂಡತಿ ಮುನಿವೆಂಕಟಮ್ಮ. ಕೆಸರು ಮೆತ್ತಿದ ಇವರನ್ನ ನೋಡಿ ಏನೂ ಕೇಳದೆ ಹಂಡೆ ನೀರು ಕೊಟ್ರು. ಭಾವ ಕೈಕಾಲು ತೊಳೆದು ಬಂದ ಮೇಲೆ ಸಿದ್ದಪ್ಪ ಒಂದೇ ಮಾತು ಕೇಳಿದ.

"ಅಲ್ಲಿ ಯಾರಾದ್ರೂ ಮಾತಾಡ್ಸುದ್ರಾ ಸಾರ್?"

ಇಲ್ಲ ಅಂದ್ರು ಭಾವ. ಕಾಲು ಜಾರಿತು, ಅಷ್ಟೇ ಅಂದ್ರು. ಅಕ್ಕ ಬಾಯಿ ಬಿಟ್ಟು ಅವರನ್ನೇ ನೋಡಿದಳು. ಅವಳಿಗೆ ಮತ್ತೆ ಅದೇ ಸಿಟ್ಟು. ಮುನಿವೆಂಕಟಮ್ಮನನ್ನ ಒಳಗೆ ಕರ್ಕೊಂಡು ಹೋಗಿ ಎಲ್ಲಾ ಹೇಳಿದಳು, ಬಾವಿಯಿಂದ ಹಿಡಿದು. ಆಯಮ್ಮ ಮುದ್ದೆ ತಿರುವೋದು ನಿಲ್ಲಿಸಿ ಕೇಳಿಸ್ಕೊಂಡಳು.

"ಕೊನೀಗೆ ಎಷ್ಟು ಅಂತು?"

"ಎರಡು ಅಂತು."

ಆಯಮ್ಮ ಹೋಗಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ ಬಂದಳು. ಮುದ್ದೆ ಬಡಿಸಿ, ಅವರೆಕಾಳು ಸಾರು ಬಿಟ್ಟು, ಉಣ್ಣವ್ವ ಅಂದಳು. ಅಷ್ಟೆ. ಅಕ್ಕ ಬೆಳಗ್ಗೆ ಮತ್ತೆ ಕೇಳಿದಳು, ಯಾರದು, ಏನದು ಅಂತ. ಮೊದಲ ಬಸ್ಸು ಬರ್ತದೆ, ಓಗಿ ಅಂದ್ರು ಇಬ್ಬರೂ. ಅವಳಿಗೆ ಇವತ್ತಿಗೂ ಅದೇ ಸಂಕಟ... ಹೇಳೋರು ಹೇಳಲಿಲ್ಲ, ಜೊತೆಗಿದ್ದೋರು ಒಪ್ಪಲಿಲ್ಲ. ಭಾವನನ್ನ ಕೇಳಿದ್ರೆ, ನಿನಗೆ ಸುಸ್ತಾಗಿತ್ತು, ಏನೋ ಕೇಳಿಸಿರಬೇಕು ಅಂತಾರೆ. ಎಷ್ಟು ಬಾತಿದ್ದವು ಅಂದ್ರೆ ಮಾತು ತಿರುಗಿಸ್ತಾರೆ.

ನಾನೂ ನಂಬಿರಲಿಲ್ಲ. ನಿಮ್ಮಾಣೆ, ನಂಬಿರಲಿಲ್ಲ. ಆ ಬೇಸಿಗೇಲಿ ಅವರ ಜೊತೆ ಪನಮರತ್ತುಪಟ್ಟಿ ಕೆರೆಗೆ ಹೋಗೋವರೆಗೂ.

ಹಾಡುಹಗಲು. ನೀರು ಇಳಿದು ಕೆರೆ ಅಂಗಳ ಬಿರುಕು ಬಿಟ್ಟಿತ್ತು. ಅಲ್ಲಿ ಟಿಟ್ಟಿಭ ಹಕ್ಕಿ ನೆಲದ ಮೇಲೆ ಮೊಟ್ಟೆ ಇಟ್ಟಿತ್ತು. ತಮಿಳರು ಅದನ್ನ ಆಳ್‌ಕಾಟ್ಟಿ ಅಂತಾರೆ, ಆಳು ಬಂದ ಅಂತ ತೋರಿಸಿಕೊಡೋ ಹಕ್ಕಿ. ಮನುಷ್ಯನ ನೆರಳು ಕಂಡ್ರೆ ಸಾಕು, ಊರಿಗೇ ಕೇಳೋ ಹಾಗೆ ಕೂಗುತ್ತೆ. ನಾನು ಹತ್ತಿರ ಹೋದೆ, ಟಿಟ್ಟಿರೀ ಟಿಟ್ಟಿರೀ ಅಂತ ತಲೆ ಮೇಲೇ ಎರಗಿತು. ಅಕ್ಕ ಹೋದಳು, ಅವಳ ಮೇಲೂ ಎರಗಿತು. ಹಿಂದಕ್ಕೆ ಬಂದೆವು. ಹಕ್ಕಿ ಮತ್ತೆ ಮೊಟ್ಟೆ ಮೇಲೆ ಕೂತಿತು.

ಆಮೇಲೆ ಭಾವ ಬಂದ್ರು, ಬಿಸಿಲಲ್ಲಿ, ಚಪ್ಪಲಿ ಸದ್ದು ಮಾಡ್ತಾ. ಮೊಟ್ಟೆಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ ಕಾಲಿಟ್ಟು ದಾಟಿ ಹೋದ್ರು. ಹಕ್ಕಿ ಏಳಲಿಲ್ಲ. ಕೂಗಲಿಲ್ಲ. ಕತ್ತು ಕೂಡ ತಿರುಗಿಸಲಿಲ್ಲ.

ಅಕ್ಕ ನನ್ನ ಕೈ ಹಿಡ್ಕೊಂಡಳು. ನಾನು ಅಲ್ಲೇ ನಿಂತಿದ್ದೆ, ನನ್ನ ಕಣ್ಣಾರೆ ನೋಡಿದ್ದು. ಬೇಕಾದ್ರೆ ಅಕ್ಕನನ್ನ ಕೇಳಿ. ಭಾವನನ್ನ ಕೇಳಬೇಡಿ.