ದಿವಂಗತ ಶಟ್ಟೆವ್ವ

ಹಂಗಲ್ಲ ಆಯಿ, ನಿನ್ನ ಮೊಮ್ಮಗ ನಾ, ನಿನ್ನ ಮನಿ ಬಿಟ್ಟ ಹೊರಗ ಹಾಕಾಕತ್ತಿಲ್ಲ! ಇವತ್ತೊಂದ ರಾತ್ರಿ... ಬರೇ ಒಂದ ರಾತ್ರಿ ರಾಮದುರ್ಗಕ್ಕ ನಿನ್ನ ಮಗಳ ಮನಿಗೆ ಹೋಗಿ ಬಾ ಅನ್ನಾಕತ್ತೇನಿ. ಸವದತ್ತಿ ಬಸ್‌ಸ್ಟ್ಯಾಂಡ್ ತನಾ ನಾನ ಗಾಡಿ ಮ್ಯಾಲ ಬಿಡತೇನಿ. ಕಿಡಕಿ ಬಾಜೂಕಿನ ಸೀಟ ಹಿಡದ ಕೊಡತೇನಿ. ಏಳ, ಪಿಶವಿ ತಗೋ... ಯಾಕ ನಗತಿ?

ನಗಬ್ಯಾಡ! ಇನ್ನ ತಾಸಿನಾಗ ನಮ್ಮ ಮನಿಗೆ ಯಾರ ಬರತಾರ ಗೊತ್ತೇನ? ಪರೀಕ್ಷಾ ಮಾಡಾಕ ಬಂದ ದೊಡ್ಡ ಸರ್! ನಿನ್ನೆ ನಂದ ವೈವಾ ಆತಲ್ಲ? ವೈವಾ ಅಂದ್ರ... ನಾ ಇಷ್ಟ ವರ್ಷ ಬರದ ಪಿಎಚ್‌ಡಿ ಪ್ರಬಂಧ ಐತಲ್ಲ, ಅದನ್ನ ಮುಂದಿಟಗೊಂಡ, ಪ್ರಶ್ನೆ ಕೇಳಿ ಕೇಳಿ ನನ್ನ ಚರ್ಮಾ ಸುಲಿಯೂದು. ಪಾಸಾದೆ ಅಂತನ ತಿಳಕೋ. ಅವರ ಸಹಿ ಒಂದ ಬಾಕಿ. ಸಹಿ ಮಾಡೂ ಮೊದಲ ಎಲ್ಲಮ್ಮನ ದರ್ಶನ ಆಗಬೇಕಂತ. ಗುಡ್ಡಕ್ಕ ಬಂದವರು ನಮ್ಮೂರ ಉಗರಗೋಳ ಬಿಟ್ಟ ಹೋಗತಾರೇನ? "ಬಾಳೇಶ್, ನಿಮ್ಮ ಮನೆಗೂ ಬರ್ತೀನಿ" ಅಂದ್ರು. ಗುಡ್ಡದ ಬುಡಕ ಮನಿ ಕಟ್ಟಿದ ಮುತ್ಯಾಂದ ತಪ್ಪ ನೋಡ!

ಚಾ ಮಾಡತೀಯಾ? ಬ್ಯಾಡ, ಬ್ಯಾಡ! ನೀ ಅವರ ಕಣ್ಣಿಗೆ ಬೀಳೂದ ಬ್ಯಾಡ!

ಅಲ್ಲ... ಸಿಟ್ಟಾಗಬ್ಯಾಡ. ಪ್ರಬಂಧದಾಗ ನಿನಗ ಎಷ್ಟ ಮಾನ ಐತಿ ಅಂತಿ! ನನ್ನ ವಿಷಯ ಮೌಖಿಕ ಇತಿಹಾಸ. ಅಂದ್ರ, ಕಾಗದದಾಗ ಇರಲಾರದ್ದು, ಹಿರ್ಯಾರ ಬಾಯಾಗ ಇದ್ದದ್ದು. ಕಿತ್ತೂರ ಕಾಳಗದ ಮಾತ ಮನಿಮನ್ಯಾಗ ಹೆಂಗ ಉಳದೈತಿ ಅನ್ನೂದು. ಅದರಾಗ ಒಂದ ಅಧ್ಯಾಯ ಪೂರ್ತಿ ನಿಂದ! ನಿನ್ನ ಅಜ್ಜನ ಅಜ್ಜ ಕಿತ್ತೂರ ಕ್ವಾಟಿ ಬಾಗಲಾ ಕಾಯತಿದ್ದ, ಕುದರಿ ಮ್ಯಾಲ ಕುಂತ ನಿದ್ದಿ ಹೊಡೀತಿದ್ದ ಅಂತ ನೀನ ಹೇಳೀದಿ... ಹೇಳಿಲ್ಲ? ಇರ್ಲಿ. ಹೇಳಬಹುದಾಗಿತ್ತಲ್ಲ!

ಕಣ್ಣ ಹಂಗ ಬಿಡಬ್ಯಾಡ ಆಯಿ. ದೊಡ್ಡ ಸರ್ ಅದನ್ನ ಓದಿ ಕಣ್ಣಾಗ ನೀರ ತಂದಾರ! ಆಮ್ಯಾಲ ಕನ್ನಡಕ ಒರಿಸಿಗೊಂಡ, "ಈ ಅಜ್ಜಿಯ ರೆಕಾರ್ಡಿಂಗ್ ಎಲ್ಲಿ?" ಅಂದ್ರು. ಮಾತಾಡಿದವರ ದನಿ ಇಟಗೊಂಡಿರಬೇಕು, ಹಂಗ ನಿಯಮ ಐತಿ. ನಾ ಏನ ಕಡಿಮಿ? ಮೊದಲ ವ್ಯವಸ್ಥಾ ಮಾಡಿದ್ದೆ. ನಿನ್ನ ಹೆಸರಿಗೆ ಒಂದ ಬಿರುದ ಹಚ್ಚಿದ್ದೆ. ದಿವಂಗತ ಶಟ್ಟೆವ್ವ!

ದಿವಂಗತ ಅಂದ್ರ... ಮರ್ಯಾದಿ ಮಾತ. ಶ್ರೀಮತಿ, ಮಾತೋಶ್ರೀ ಅಂತಾರಲ್ಲ, ಹಂಗ. ಅದನ್ನ ತೋರಿಸಿದ ಮ್ಯಾಲ ಅವರು ರೆಕಾರ್ಡಿಂಗ್ ಮಾತ ಬಿಟ್ರು.

ಗ್ವಾಡಿ ಕಡೆ ಯಾಕ ನೋಡತಿ? ಅಲ್ಲೇನೈತಿ, ಮುತ್ಯಾನ ಫೋಟೊ... ಹೌದ, ಅದರ ಬುಡಕೂ ಅದ ಬರದೈತಿ. ದಿವಂಗತ ನಿಜಗುಣಪ್ಪ. ಅಲ್ಲ ಆಯಿ, ನಿನಗ ಓದಾಕ ಬರೂದಿಲ್ಲಲ್ಲ! ದಿನಾ ಊದಿನಕಡ್ಡಿ ಹಚ್ಚಿ ಹಚ್ಚಿ ಈ ಒಂದ ಶಬ್ದ ಕಲತ್ಯಾ?

ಆತು! ಕಾಗದದಾಗ ಸತ್ತೀದಿ, ಅಷ್ಟ! ಖರೇ ಏನ ಸತ್ತೀಯಾ? ಈಗ ದೊಡ್ಡ ಸರ್, "ಆ ತಾಯಿಯ ಸಮಾಧಿಗೆ ಹೂ ಹಾಕಬೇಕು" ಅಂತ ಕುಂತಾರ. ಅದೂ ವ್ಯವಸ್ಥಾ ಆಗೇತಿ. ಹೊಲದಾಗ ಮೊನ್ನೆ ಎಮ್ಮಿ ಹುಗದ ಜಾಗಾ ಐತಲ್ಲ... ಮಣ್ಣ ಇನ್ನೂ ಹಸೀ ಐತಿ, ಆದ್ರ ಅವರಿಗೇನ ತಿಳೀತೈತಿ!

ಏನರ ಅನ್ನ ಆಯಿ. ಬೈಯರ ಬೈ. ಮೊದಲ ಎಷ್ಟ ಮಾತಾಡತಿದ್ದಿ! "ಬಾಳ್ಯಾ, ಬಾ ಕುಂಡರ, ನನ್ನ ತವರೂರ ಡ್ಯಾಮಿನ ನೀರಾಗ ಮುಳಗಿದ್ದ ಹೇಳತೇನಿ. ನಮ್ಮವ್ವ ಒಲ್ಯಾಗಿನ ಬೆಂಕಿ ಗಡಗ್ಯಾಗ ಹಿಡಕೊಂಡ ಬಂದಳು" ಅಂತಿದ್ದಿ. ನಾ ಏನ ಅಂತಿದ್ದೆ? "ಆಮ್ಯಾಲ ಆಯಿ, ಅಧ್ಯಾಯ ಬರಿಯೂದೈತಿ"... ಹಿರ್ಯಾರ ಮಾತ ಉಳಸಬೇಕಂತನ ಬರೀತಿದ್ದೆ ಆಯಿ!

ಯಾಕ... ಯಾಕ ಮಕ್ಕೊಂಡಿ? ಕೌದಿ ಮಾರಿ ಮ್ಯಾಲ ಯಾಕ ಎಳಕೊಂಡಿ? ಆಟಾ ಹಚ್ಚಬ್ಯಾಡ. ಕಾಲಬೆರಳ ಅಳ್ಳಾಡಾಕತ್ತಾವು, ಕಾಣತೈತಿ ನನಗ! ಏಳ... ರಾಮದುರ್ಗ ಬ್ಯಾಡ, ಇಲ್ಲೇ ಇರ. ನೋಡ, ಮೊಬೈಲಿನಾಗ ರೆಕಾರ್ಡ್ ಹಚ್ಚೇನಿ. ನಿಮ್ಮೂರ ಹೆಂಗ ಮುಳಗಿತು ಹೇಳ. ನಾ ಕೇಳತೇನಿ. ಖರೇನ ಕೇಳತೇನಿ... ಹೂಂ ಅನ್ನ.

ಅಯ್ಯ, ಕಾರ ಈಗನ ಬಂತ. ದೊಡ್ಡ ಸರ್ ಹೂವಿನ ಮಾಲಿ ಹಿಡಕೊಂಡ ಇಳ್ಯಾಕತ್ತಾರ... ಆಯಿ, ಒಂದ ಮಾತ. ಒಂದ! ಈ ಮೊಬೈಲಿನಾಗ ಬರೇ ನನ್ನ ದನಿನ ಐತಿ...