ಕೇಳಿ ಮುಗಿದ ಮೇಲೆ ಬಿಚ್ತೀನಿ

ಕೈ ಕಟ್ಕೊಂಡು ಕೂರಬೇಡ. ಬಿಡು ಅಂದೆ... ಹಾಂ, ಹಾಗೆ, ಮಡಿಲಲ್ಲಿ ಇಟ್ಕೋ. ಇದನ್ನ ಹೇಳೋವಾಗ ನನ್ನೆದುರಿಗೆ ಯಾರೂ ಕೈ ಕಟ್ಟಿ ಕೂತಿರಬಾರದು, ನನಗಾಗಲ್ಲ. ನಗ್ತೀಯಾ? ನಗು. ಮುಗಿಯೋ ಹೊತ್ತಿಗೆ ನೋಡೋಣ.

ಇದು ಆಗಿದ್ದು ನಮ್ಮ ಲಸ್ತ್ರಿಗೆ. ನನ್ನ ಚಿಕ್ಕಪ್ಪನ ಮಗಳು, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಯಾರೋ ಎಲ್ಲೋ ಹೇಳಿದ್ದಲ್ಲ ಇದು. ಅವಳ ಮುಂಗೈಗೆ ಎಣ್ಣೆ ಹಚ್ಚಿದೋಳು ನಾನು.

ಅವತ್ತು ಅವಳ ಪಾಳಿ ಮುಗಿಯೋದು ತಡ ಆಯ್ತು. ಕೊನೇ ಬಸ್ಸು ಹೋಗಿತ್ತು. ಹಿಂದಿನ ಗೇಟಿಂದ, ಕಬ್ಬಿನ ಗದ್ದೆ ಪಕ್ಕ ನಡ್ಕೊಂಡು ಹೊರಟಿದಾಳೆ. ಆ ದಾರೀಲಿ ಒಂದು ಆಲದ ಮರ, ಅದರ ಬುಡದಲ್ಲಿ ಹಳೇ ಸಕ್ಕರೆ ಕಾರ್ಖಾನೆಯವರು ತೋಡಿಸಿದ ಬಾವಿ. ಹಗಲು ಹೊತ್ತೇ ಅಲ್ಲಿ ಯಾರೂ ನಿಲ್ಲಲ್ಲ. ಜೊತೆಗೆ ಗುನಾದಿ ಇದ್ದ, ಅದೇ ವಾರ್ಡಿನ ಗಂಡು ನರ್ಸು. ಅವನ ಬೈಕು ಪಂಕ್ಚರ್ ಆಗಿ ತಳ್ಕೊಂಡು ಬರ್ತಿದ್ದ. ಬಾಯಲ್ಲಿ ಲವಂಗದ ಸಿಗರೇಟು, ಹ್ಯಾಂಡಲಿಗೆ ಸೋಯಾ ಕಾಳಿನ ತೆಂಪೆ ಬಜ್ಜಿ ಪೊಟ್ಟಣ.

"ಏನಮ್ಮಾ ಪಂಡಿತೆ, ಇವತ್ತು ಎಷ್ಟು ಜನರ ಗೋಳು ತುಂಬ್ಕೊಂಡೆ ಆ ಡಬ್ಬೀಲಿ?"

"ಸುಮ್ನಿರು ಮಾಸ್. ಮನೆ ಸೇರ್ಕೊಂಡ್ರೆ ಸಾಕಾಗಿದೆ."

ಅಣ್ಣ ಅನ್ನೋ ಹಾಗೆ ಅವನನ್ನ ಮಾಸ್ ಅಂತಿದ್ಲು. ಡಬ್ಬಿ ಅಂದ್ರೆ ರೆಕಾರ್ಡರು. ನಮ್ಮ ಲಸ್ತ್ರಿಗೆ ಇನ್ನೂ ದೊಡ್ಡ ಓದು ಓದೋ ಹುಚ್ಚು. ಕಾಲೇಜಿನೋರು ಅವಳಿಗೆ ಒಂದು ಕೆಲಸ ಹಚ್ಚಿದ್ರು: ರೋಗಿಗಳ ಹತ್ತಿರ ಕೂತ್ಕೊಂಡು ಕೇಳೋದು. ಇಲ್ಲಿ ನಿಮ್ಮನ್ನ ಹೇಗೆ ನೋಡ್ಕೊಂಡ್ರು? ನಿಮಗೆ ಹೇಗನಿಸ್ತು? ಒಳ್ಳೇ ಕೆಲಸಾನೇ, ನಾನೇನೂ ಬೇಡ ಅನ್ನಲ್ಲ. ಅವಳು ಹಿಡಿದಿದ್ದ ವಿಷಯ ಮಾತ್ರ... ಕೈ ಕಟ್ಟಿಸ್ಕೊಂಡ ರೋಗಿಗಳದ್ದು. ತಲೆಗೆ ಪೆಟ್ಟು ಬಿದ್ದೋರು, ಜ್ವರ ತಲೆಗೇರಿದೋರು ಮೂಗಿನ ಕೊಳವೆ ಕಿತ್ಕೋತಾರೆ ನೋಡು, ಅದಕ್ಕೆ ಅವರ ಮುಂಗೈಗಳನ್ನ ಬ್ಯಾಂಡೇಜಲ್ಲಿ ಮಂಚದ ಕಂಬಿಗೆ ಕಟ್ತಾರೆ. ಹಾಗೆ ಕಟ್ಟಿಸ್ಕೊಂಡೋರಿಗೆ ಏನನಿಸುತ್ತೆ ಅಂತ ಅವಳ ಓದು.

ಅವಳು ಸುಮ್ನಿರು ಅಂದ್ಲಲ್ಲ, ಅಷ್ಟರಲ್ಲೇ ಕೇಳಿಸ್ತು.

ಠಣ್... ಠಣ್...

ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದಲ್ಲ. ಟೊಳ್ಳು ಕಂಬಿ ಅಲ್ಲಾಡಿದ ಸದ್ದು. ಜಗ್ಗಿ, ಬಿಟ್ಟು, ಮತ್ತೆ ಜಗ್ಗಿದ ಹಾಗೆ.

"ಗೇಟು ಕಣೆ, ಗಾಳಿಗೆ ಬಡ್ಕೋತಿದೆ," ಅಂದ ಗುನಾದಿ.

"ಗೇಟು ಹಿಂದೆ ಉಳೀತು ಮಾಸ್. ಇದು ಮುಂದಿಂದ ಬರ್ತಿದೆ."

ಅವಳಿಗೆ ಗೊತ್ತಾಗೋಯ್ತು. ಆ ಸದ್ದು ಅವಳಿಗೆ ಪರಿಚಯ. ನೀನು ತಾಳು, ಪಾಕ್ ದಾರ್ಸೋ ವಿಷಯ ಹೇಳದೆ ಮುಂದೆ ಹೇಳಿದ್ರೆ ನಿನಗೇನೂ ಅರ್ಥ ಆಗಲ್ಲ.

ಪಾಕ್ ದಾರ್ಸೋ, ಅಪ್ಪನ ವಯಸ್ಸಿನೋನು ಅಂತ ಎಲ್ಲರೂ ಪಾಕ್ ಅಂತಿದ್ರು, ತೆಂಗಿನ ಮರ ಹತ್ತಿ ನೀರಾ ಇಳಿಸೋನು. ಅವರ ಮನೆ ಬೆಲ್ಲ ನಾವೂ ತಗೋತಿದ್ವಿ. ಮರದಿಂದ ಬಿದ್ದು ತಲೆ ಒಡ್ಕೊಂಡು ಬಂದ. ಒಂದು ಗಳಿಗೆ ಬುದ್ಧಿ ನೆಟ್ಟಗಿದ್ರೆ ಇನ್ನೊಂದು ಗಳಿಗೆ ಇಲ್ಲ. ಬುದ್ಧಿ ಇಲ್ಲದಾಗ ಕೊಳವೆ ಕಿತ್ತ, ಗುನಾದಿ ಕಟ್ಟಿದ. ಎಂಥಾ ಕಟ್ಟು ಗೊತ್ತಾ? ಎತ್ತಿಗೂ ಹಾಗೆ ಕಟ್ಟಲ್ಲ. ಬೆರಳೆಲ್ಲ ನೇರಳೆ ಹಣ್ಣಾಗಿತ್ತಂತೆ.

ಬುದ್ಧಿ ನೆಟ್ಟಗಿದ್ದ ಹೊತ್ತು ನೋಡಿ ಲಸ್ತ್ರಿ ಹೋಗಿ ಪಕ್ಕದಲ್ಲಿ ಕೂತಿದಾಳೆ, ಡಬ್ಬಿ ಹಚ್ಚಿ. "ಹೇಗನಿಸ್ತಿದೆ ಪಾಕ್? ನಿಮ್ಮ ಮಾತಲ್ಲೇ ಹೇಳಿ. ಅವಸರ ಇಲ್ಲ."

"ಬಿಚ್ಚು ಮಗಳೇ."

"ನೋವಾಗ್ತಿದೆಯಾ? ಎಂಥಾ ನೋವು?"

"ಸತ್ತೋನಿಗೂ ಗೋರಿಗಿಳಿಸಿದ ಮೇಲೆ ಕಟ್ಟು ಬಿಚ್ತಾರೆ. ನಾನಿನ್ನೂ ಸತ್ತಿಲ್ಲ. ಬಿಚ್ಚು."

ಅವನು ಹೇಳಿದ್ದು ನಿಜ ತಾನೇ. ಹೆಣದ ಬಟ್ಟೆಗೆ ತಲೆ, ನಡು, ಕಾಲು ಅಂತ ಕಟ್ಟು ಹಾಕಿರ್ತೀವಿ, ಮಣ್ಣಲ್ಲಿ ಮಲಗಿಸಿ ಬಿಚ್ತೀವಿ. ಬಿಚ್ಚದೆ ಬಿಟ್ರೆ ಹೆಣ ಪೊಚೊಂಗ್ ದೆವ್ವ ಆಗಿ ಕುಪ್ಪಳಿಸ್ಕೊಂಡು ಬರುತ್ತೆ ಅಂತ ಮಕ್ಕಳಿಗೂ ಗೊತ್ತು.

ಆದ್ರೆ ಇವಳು ಬಿಚ್ಚಲಿಲ್ಲ. ಯಾಕೆ? ಕಾಲೇಜಿನೋರು ಹೇಳಿಕೊಟ್ಟಿದ್ರಂತೆ, ಕೇಳೋಕೆ ಹೋದಾಗ ನೀನು ನರ್ಸಲ್ಲ, ಏನಕ್ಕೂ ಕೈ ಹಾಕಬಾರದು, ಬಿಚ್ಚಿಬಿಟ್ರೆ ಅವನ ಉತ್ತರ ಕೆಡುತ್ತೆ ಅಂತ. ಉತ್ತರ ಕೆಡುತ್ತಂತೆ! ಕೈ ಕೆಟ್ರೆ ಪರವಾಗಿಲ್ಲ ಅಂತಾಯ್ತು. ಇವಳು ಏನಂದ್ಲು ಗೊತ್ತಾ? "ಕೇಳಿ ಮುಗಿದ ಮೇಲೆ ಬಿಚ್ತೀನಿ ಪಾಕ್, ದೇವರಾಣೆ."

ಪಾಪ, ಮನುಷ್ಯ ನಂಬಿದ. ಕೇಳಿದ್ದಕ್ಕೆಲ್ಲ ಹೇಳಿದ. ಮುಗೀತು. ಇವಳು ಡಬ್ಬಿ ಎತ್ಕೊಂಡು, "ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ಬರ್ತೀನಿ" ಅಂತ ಹೋದ್ಲು. ಡಾಕ್ಟರು ಸಿಗಲಿಲ್ಲ. ಬಸ್ಸಿಗೆ ಹೊತ್ತಾಯ್ತು. ಮನೆಗೆ ಬಂದು ಉಂಡು ಮಲಗಿದ್ಲು.

ಅವತ್ತು ರಾತ್ರಿಯೆಲ್ಲ ಅವನು ಕಂಬಿ ಜಗ್ಗಿದನಂತೆ. ಠಣ್, ಠಣ್, ಠಣ್. "ಆ ಹುಡುಗಿ ಬರ್ತೀನಂದ್ಲು, ಕರೀರಿ" ಅಂತ ಕೂಗಿದನಂತೆ. ಗುನಾದಿ ಬಂದು ಕೆನ್ನೆಗೆ ಬಿಟ್ಟ, ಒಂದಲ್ಲ. ಮೊದಲ ಕಟ್ಟಿನ ಮೇಲೆ ಇನ್ನೊಂದು ಕಟ್ಟು ಬಿಗಿದ. ಬಾಯಿಗೆ ಟವೆಲ್ ತುರುಕಿದ. ಬೆಳಗ್ಗೆ ನೋಡಿದ್ರೆ ಕಂಬಿ ಬಾಗಿತ್ತು. ಎರಡೂ ಮುಂಗೈ ಚರ್ಮ ಸುಲಿದು ಬೆರಳ ತನಕ ಇಳಿದಿತ್ತು. ಉಸಿರು ಯಾವಾಗಲೋ ಹೋಗಿತ್ತು. ಇದನ್ನೆಲ್ಲ ಪಕ್ಕದ ಮಂಚದ ರೋಗಿ ಹೆಂಡತಿ ಲಸ್ತ್ರಿ ಕಿವಿಯಲ್ಲಿ ಹೇಳಿದ್ಲು. ಇವಳು ಯಾರ ಮುಂದೂ ಬಾಯಿ ಬಿಡಲಿಲ್ಲ. ಆ ವಾರ್ಡಲ್ಲೇ ಓದು ಮುಗಿಸಬೇಕಲ್ಲ!

ಹಾಂ... ಅವನನ್ನ ಹೂತು ಒಂದು ವಾರವೂ ಆಗಿರಲಿಲ್ಲ. ಈಗ ಆಲದ ಮರಕ್ಕೆ ಬಾ.

ಠಣ್... ಠಣ್... ಆಮೇಲೆ ನಿಂತೋಯ್ತು. ಹುಳಹುಪ್ಪಟೆ ಸದ್ದೂ ಇಲ್ಲ. ಹುಳಿ ಬಂದ ನೀರಾ ವಾಸನೆ, ಗಪ್ಪಂತ ಮೂಗಿಗೆ ಬಡೀತು.

ಸರ್... ಸರ್... ಒಣಗಿದೆಲೆ ಮೇಲೆ ಬಟ್ಟೆ ಎಳೆದ ಹಾಗೆ.

"ಪೊಚೊಂಗ್ ಆದ್ರೆ ಕುಪ್ಪಳಿಸಬೇಕು," ಅಂತ ಗುನಾದಿ ನಕ್ಕ. ನಗು ಅರ್ಧಕ್ಕೇ ಸತ್ತೋಯ್ತು. "ಇದು... ನಡೀತಾ ಇದೆ ಕಣೆ."

ಹೌದು. ನಡ್ಕೊಂಡೇ ಬಂತು. ಕಟ್ಟೆಲ್ಲ ಬಿಚ್ಚಿ ಹೂತಿದ್ರಲ್ಲ, ಕೈಕಾಲು ಆಡ್ತಿತ್ತು. ಬಟ್ಟೆ ಹಿಂದೆ ನೆಲದ ಮೇಲೆ ಎಳೀತಾ ಇತ್ತು. ಎರಡೂ ಕೈ ಮುಂದಕ್ಕೆ. ಮುಂಗೈಯಿಂದ ಕೆಳಗೆ ಚರ್ಮ ಇರಲಿಲ್ಲ.

ಗುನಾದಿ ಬೈಕು ಬಿಸಾಕಿ ಓಡಿದ. ಎಲ್ಲಿಗೆ ಓಡ್ತಾನೆ? ಕತ್ತು ಹಿಡಿದು ಎತ್ತಿ ಮರಕ್ಕೆ ಅಪ್ಪಳಿಸಿತು. ಧಡ್! ಮತ್ತೊಂದು ಸಲ. ಹಲ್ಲು ನೆಲಕ್ಕುದುರಿದ ಸದ್ದು ಕೇಳಿಸ್ತಂತೆ ಇವಳಿಗೆ, ಕಡಲೆ ಚೆಲ್ಲಿದ ಹಾಗೆ. ಅವನ ಎರಡೂ ಕೈ ಹಿಂದಕ್ಕೆ ತಿರುಚಿ, ಆಲದ ಬಿಳಲು ಎಳೆದು, ಸುತ್ತಿ ಸುತ್ತಿ ಬಿಗೀತು. ಕಟಕ್... ಒಂದು ಭುಜ. ಕಟಕ್... ಇನ್ನೊಂದು. ಅವನು ಕಿರುಚೋಕೆ ಬಾಯಿ ತೆಗೆದಾಗ ಒಂದು ಹಿಡಿ ಮಣ್ಣು ತುರುಕಿತು. ಆಮೇಲೆ ಕೆನ್ನೆಗೆ ಹೊಡೀತು. ಒಂದಲ್ಲ.

ಲಸ್ತ್ರಿ ಓಡಲಿಲ್ಲ. ಜಡೆ ಹಿಡಿದು ದರದರ ಎಳ್ಕೊಂಡು ಹೋಗಿ ಬಾವಿ ಕಟ್ಟೆಗೆ ಒಗೀತು. ಹಣೆ ಒಡೆದು ಕಣ್ಣೊಳಗೆ ರಕ್ತ. ಮುಂಗೈ ಎರಡನ್ನೂ ಬಟ್ಟೆಪಟ್ಟಿಯಲ್ಲಿ ರಾಟೆ ಕಂಬಕ್ಕೆ ಕಟ್ತು. ಆಮೇಲೆ ಪಕ್ಕದಲ್ಲಿ ಕೂತ್ಕೊಂಡ್ತು... ಮಂಚದ ಪಕ್ಕ ಅವಳು ಕೂರ್ತಿದ್ಲಲ್ಲ, ಹಾಗೇ.

"ಹೇಗನಿಸ್ತಿದೆ ಮಗಳೇ?" ಪಿಸುಮಾತು. "ನಿನ್ನ ಮಾತಲ್ಲೇ ಹೇಳು. ಅವಸರ ಇಲ್ಲ."

"ತಪ್ಪಾಯ್ತು ಪಾಕ್, ತಪ್ಪಾಯ್ತು, ಬಿಟ್ಬಿಡಿ..."

ಕಟ್ಟು ಬಿಗಿಯಾಯ್ತು. "ಅದನ್ನ ಕೇಳಲಿಲ್ಲ. ಹೇಗನಿಸ್ತಿದೆ?"

"ನೋವು..."

"ಎಂಥಾ ನೋವು?"

ಅಯ್ಯೋ, ಅವಳದೇ ಪ್ರಶ್ನೆಗಳು! ಕಾಲೇಜಲ್ಲಿ ಕಲಿಸಿದ ಪ್ರಶ್ನೆಗಳು, ಅದೇ ಸಾಲಲ್ಲಿ, ಒಂದೂ ಬಿಡದೆ ಕೇಳ್ತಂತೆ. ಬೆರಳು ಜೋಮು ಹಿಡೀತಾ? ಬಾಯಾರಿಕೆ ಆದಾಗ ಯಾರನ್ನ ಕರೀಬೇಕು ಅನಿಸ್ತು? ಸುಳ್ಳು ಹೇಳಿದ್ರೆ ಬಿಗಿ. ಅತ್ತು ಕರೆದ್ರೆ ಬಿಗಿ. ಆಚೆ ಗುನಾದಿ ಮಣ್ಣು ಕಚ್ಕೊಂಡು ಗೊರ್ ಗೊರ್ ಅಂತಿದಾನೆ. ಒಂದು ಕಿರುಬೆರಳು ಮುರೀತು ಇವಳಿಗೆ. ಬದುಕಲ್ಲ ಅಂತ ಖಾತ್ರಿ ಆಗೋಯ್ತು.

"ಇನ್ನೂ ಏನಾದ್ರೂ ಹೇಳೋದಿದೆಯಾ ಮಗಳೇ?" ಇದು ಅವಳ ಕೊನೇ ಪ್ರಶ್ನೆ, ಯಾವಾಗಲೂ.

ಅವಳಿಗೆ ಅಳೋಕೂ ಉಸಿರಿರಲಿಲ್ಲ. "ನೀವು ಬಿಚ್ಚಲ್ಲ ಅನಿಸ್ತಿದೆ ಪಾಕ್," ಅಂದ್ಲು. "ಎದ್ದು ಹೋಗ್ಬಿಡ್ತೀರಿ... ಮತ್ತೆ ಬರಲ್ಲ ಅನಿಸ್ತಿದೆ."

ಅದು ತನ್ನ ಸುಲಿದ ಮುಂಗೈ ನೋಡ್ಕೊಂಡ್ತು.

"ಹೂಂ," ಅಂತು ಅದು. "ನನಗೂ ಅದೇ ಅನಿಸ್ತು."

ಆಮೇಲೆ ಹತ್ತಿರಕ್ಕೆ ಬಾಗ್ತು. ಕತ್ತು ಕೊಯ್ಯುತ್ತೆ, ಬಾವಿಗೆ ತಳ್ಳುತ್ತೆ ಅಂತ ಇವಳು ಕಣ್ಣು ಮುಚ್ಕೊಂಡ್ಲು. ಚರ್ಮ ಇಲ್ಲದ ಬೆರಳು, ತಣ್ಣಗೆ, ಮುಂಗೈ ಮೇಲೆ ತಡಕಾಡ್ತು. ಮೊದಲು ಒಂದು ಗಂಟು... ಆಮೇಲೆ ಇನ್ನೊಂದು.

"ಕೇಳಿ ಮುಗೀತು," ಅಂತು.

ಬಿಚ್ಚಿಬಿಡ್ತು ಕಣೆ. ಅವಳು ಬಿಚ್ಚಲಿಲ್ಲ, ಅದು ಬಿಚ್ಚಿತು.

ಬೆಳಗಿನ ಜಾವ ಕಬ್ಬು ಕಡಿಯೋರು ನೋಡಿದ್ದು. ಗುನಾದಿಯನ್ನ ಮರದಿಂದ ಇಳಿಸೋಕೆ ಬಿಳಲು ಕಡೀಬೇಕಾಯ್ತು, ಆ ಗಂಟು ಯಾರಿಗೂ ಬಿಚ್ಚೋಕೆ ಬರಲಿಲ್ಲ. ಬದುಕಿದಾನೆ. ಬದುಕು ಅಂದ್ರೆ... ಹೆಂಡತಿ ತುತ್ತು ಮಾಡಿ ಬಾಯಿಗಿಡಬೇಕು, ಎರಡೂ ಕೈ ಏಳಲ್ಲ. ಕಳ್ಳರು ಹೊಡೆದ್ರು ಅಂತ ಪೊಲೀಸರು ಬರ್ಕೊಂಡ್ರು. ಕಳ್ಳರು ಬೈಕು ಬಿಟ್ಟು ಹೋಗ್ತಾರಾ? ಬಜ್ಜಿ ಪೊಟ್ಟಣ ಕೂಡ ಹಾಗೇ ಇತ್ತು.

ಲಸ್ತ್ರಿ ಬಾವಿ ಕಟ್ಟೆ ಮೇಲೆ ಕೂತಿದ್ಲು, ಕೈ ಮಡಿಲಲ್ಲಿ. ಕೈ ಮೇಲೆ ಎರಡು ಬಟ್ಟೆಪಟ್ಟಿ, ನೀಟಾಗಿ ಮಡಚಿಟ್ಟಿತ್ತು. ನಾನು ಅದು ಬ್ಯಾಂಡೇಜು ಅಂದ್ಕೊಂಡೆ. ಅವಳನ್ನ ನೋಡೋಕೆ ಪಾಕ್ ದಾರ್ಸೋ ಹೆಂಡತಿ ಸಾತಿಯೆಮ್ ಬಂದ್ಲಲ್ಲ, ಪಟ್ಟಿ ಕೈಗೆತ್ಕೊಂಡು ಅಂಚು ತಿರುವಿ ನೋಡಿದ್ಲು.

ಹೆಣ ಕಟ್ಟೋವಾಗ ಬಿಳೀ ಪಟ್ಟಿ ಸಾಲಲಿಲ್ಲ ಅಂತ ತನ್ನ ಮೇಲುಹೊದಿಕೆ ಅಂಚು ಹರಿದು ಕೊಟ್ಟಿದ್ದಳಂತೆ. ಹಸಿರು ದಾರದ ಅಂಚು, ಅದೇ ಪಟ್ಟಿ ಇದು. ಗೋರಿಯೊಳಗೆ ಅವಳ ಮಗನೇ ಇಳಿದು ಬಿಚ್ಚಿ, ಅಪ್ಪನ ತಲೆಯ ಹತ್ತಿರ ಇಟ್ಟು, ಮೇಲೆ ಮಣ್ಣು ಹಾಕಿದ್ದ.

ಅವತ್ತೇ ಮಧ್ಯಾಹ್ನ ನಾನು ಗೋರಿ ಹತ್ತಿರ ಹೋದೆ. ನಂಬಿದ್ರೆ ನಂಬು, ಬಿಟ್ರೆ ಬಿಡು, ಈ ಕಣ್ಣಲ್ಲಿ ನೋಡಿದೀನಿ. ಮಣ್ಣು ಒಂದು ಚೂರೂ ಅಲ್ಲಾಡಿರಲಿಲ್ಲ. ಮೇಲೆ ಹಾಕಿದ್ದ ಹೂವು ಹಾಗೇ ಬಾಡಿ ಕೂತಿತ್ತು.