ಡಾಕ್ಟ್ರಮ್ಮ, ಕುರಿ ಡಾಕ್ಟ್ರು, ನಡುವೆ ಒಂದ್ ಗೋಡೆ

ಮೆಲ್ಲಗೆ, ಮೆಲ್ಲಗೆ! ಇತ್ತ ಬಂದ್ ಕೂತ್ಕಳ್ರಲಾ. ಈ ಮಾತು ನಿಮ್ ಒಟ್ಟೇಲೇ ಇರ್ಬೇಕು, ನಮ್ಮಾಸ್ಪತ್ರೆ ಡಾಕ್ಟ್ರಮ್ಮನ ಕಿವಿಗೆ ಬಿದ್ರೆ ನನ್ ಮರ್ವಾದೆ ಓಯ್ತದೆ, ತೆರಿಂಜಿದಾ, ತಿಳೀತಾ? ನಿಮ್ಮಜ್ಜ ಸತ್ತಾಗ ನಾನು ಓದಿದ್ದು ಎಲ್ಡೋ ಮೂರೋ ಕಿಲಾಸು. ಆಸ್ಪತ್ರೇಲಿ ಆಯಾ ಕೆಲ್ಸ ಕೊಟ್ರು. ಕಸ ಗುಡ್ಸೋದಲ್ಲ, ಗುಡ್ಸಿದ್ದೂ ಉಂಟು ಬುಡಿ, ಊರೂರಿಗೆ ಓಗಿ ಬಸ್ರಿ ಎಂಗಸ್ರಿಗೆ ಪಾಠ ಏಳೋದು. ನಂಗವಳ್ಳಿ ಬಿಸ್ಲಾಗೆ ಕಾಲ್ಗೆ ಚಪ್ಲಿಲ್ಲ, ಒಟ್ಟೆಗೆ ಬರೀ ರಾಗಿ ಗಂಜಿ. ಪಾಠ ಯಾವಳ್ ಕೇಳ್ತಾಳೆ? ಅದ್ಕೇ ಮೊದ್ಲು ಯಾರ್ ಯಾರ್ ಜತೆ ಓಡೋದ್ರು ಅಂತ ಸುದ್ದಿ ಬುಡೋದು, ಎಲ್ಲಾ ಬಾಯಿ ತಕ್ಕಂಡ್ ಕೂತಾಗ ನಡುವೆ ಮಾತ್ರೆ ವಿಷ್ಯ ತುರ್ಕೋದು. ರಿಟೈರ್ ಆಗೋಗಂಟ ಇದೇ ನನ್ ಮೇಷ್ಟ್ರಿಕೆ.

ನಾನ್ ರಿಟೈರ್ ಆದ್ಮ್ಯಾಲೆ, ಓದ್ವರ್ಸ ನಿಮ್ಮವ್ವಂಗೆ ಜರ ಬಂತಲ್ಲ, ಗ್ಯಾಪ್ಕ ಐತಾ? ಬರೋದು, ಓಗೋದು, ಮೈಯೆಲ್ಲಾ ಬೆವ್ರು, ಕೀಲೆಲ್ಲಾ ನೋವು. ಸತ್ತೇ ಓಯ್ತಾಳೆ ಅನ್ಕಂಡಿದ್ದೆ. ಡಾಕ್ಟ್ರಮ್ಮನ ಮಾತ್ರೆ ಮುಗೀತಿದ್ದಂಗೆ ತಿರ್ಗಾ ಜರ. ಅದೇ ಟೈಮಾಗೆ ನಮ್ ಕುರಿಗೋಳೂ ಕಂದು ಆಕ್ತಿದ್ವು, ತಿಂಗ್ಳು ತುಂಬೋಕ್ ಮುಂಚೇನೇ ಸತ್ ಮರಿ. ಡಾಕ್ಟ್ರಮ್ಮನ ಆಸ್ಪತ್ರೆ ಪಕ್ಕದ ಕುರಿ ಆಸ್ಪತ್ರೆಗೆ ಒಡ್ಕಂಡ್ ಓದೆ. ಕುರಿ ಡಾಕ್ಟ್ರು ಕೇಳ್ದ, "ಆ ಕಂದುಗಳ್ನ ಬರಿಗೈಲಿ ಎತ್ತಿದ್ ಯಾರು? ಮನೇಲಿ ಜರ ಐತಾ?" ಸೊಸೆ ಕತೆ ಏಳ್ದೆ. "ಅಂಗಾರೆ ಈ ಕುರಿ ರೋಗ್ವೇ ಅವ್ಳಿಗೂ ಅಂಟಿರ್ಬೇಕು. ಆದ್ರೆ ಆ ಡಾಕ್ಟ್ರಮ್ಮ ಬಂದ್ ಕೇಳ್ಲಿ, ನಾನಾಗಿ ಆ ಬಾಗ್ಲು ತುಳ್ಯಲ್ಲ" ಅಂದ. ಯಾಕೆ ಅಂತೀರಾ? ಸೂಜಿಗೆ ಬಂದ್ ಕುರಿಗೋಳು ಆಯಮ್ಮನ ವಾಸಲ್‌ನಾಗೆ, ಬಾಗ್ಲ ಮುಂದೇನೇ, ಇಕ್ಕೆ ಆಕಿದ್ವಂತೆ! ಅದ್ಕೆ ಎಲ್ಡ್ ಆಸ್ಪತ್ರೆ ನಡುವೆ ಗೋಡೆ ಎದ್ದು, ಇಬ್ರ ಮಾತೂ ನಿಂತೋಯ್ತು. ಇಬ್ರೂ ಅಷ್ಟೊಂದ್ ಓದ್ದೋರು ಬೇರೆ.

ನಾನೇನ್ ಮಾಡ್ದೆ ಗೊತ್ತಾ? ಡಾಕ್ಟ್ರಮ್ಮನ ಅತ್ರ ಓಗಿ, "ಅಮ್ಮಾ, ಈ ಜರ ನಿಮ್ಗೆ ತಿಳೀನಿಲ್ಲ, ಅವ್ರಿಗೆ ತಿಳೀತು ಅಂತ ಕುರಿ ಡಾಕ್ಟ್ರು ಮೇಚೇರಿ ಸಂತೇಲೆಲ್ಲಾ ಏಳ್ತಾವ್ರೆ" ಅಂದೆ. "ಎನ್ನಮ್ಮಾ, ನಿಜಮಾವಾ?" ಅಂತ ಮೂಗು ಕೆಂಪಾಯ್ತು. ಕುರಿ ಡಾಕ್ಟ್ರ ಅತ್ರ ಓಗಿ, "ಅಯ್ಯಾ, ನೀವೇಳಿದ್ದು ಬುರುಡೆ ಅಂತಾರೆ ಡಾಕ್ಟ್ರಮ್ಮ" ಅಂದೆ. ಎಲ್ಡೂ ಸುದ್ದ ಸುಳ್ಳು! ಅಷ್ಟೇ, ಇಬ್ರೂ ಗೇಟ್‌ಗೆ ಬಂದ್ರು. ಈ ಕಡೆ ರೋಗಿಗಳು, ಆ ಕಡೆ ಕುರಿಗೋಳು, ನಡುವೆ ಕೂಗಾಟ. "ಜರ ಬಂದ್ ಬಂದ್ ಓಗ್ತದಾ? ಬೆವರ್ತಾಳಾ? ಕೀಲ್ ನೋಯ್ತದಾ?" ಅಂತ ಈವಯ್ಯ ಕೂಗ್ದ. ಆಯಮ್ಮ ನಿಮ್ಮವ್ವನ ಚೀಟಿ ತಗ್ದು ನೋಡಿದ್ರು. ಆಮ್ಯಾಕೆ, "ಮೊದ್ಲೇ ಯಾಕ್ ಏಳ್ನಿಲ್ಲ?" "ನೀವ್ ಕೇಳ್ನಿಲ್ವಲ್ಲ!"

ರಕ್ತ ಸೇಲಂಗೆ ಓಯ್ತು, ರೋಗ ಅದೇ ಅಂತ ಬಂತು. ತಿಂಗ್ಳುಗಟ್ಲೆ ಮಾತ್ರೆ ನುಂಗಿ ನಿಮ್ಮವ್ವ ಎದ್ಳು, ಈಗ ನಂಗೇ ಎದುರಾಡ್ತಾಳೆ! ಇವಾಗ ತಿಂಗ್ಳಿಗೊಂದ್ ಸಲ ಇಬ್ರೂ ಬೇವಿನ್ ಮರದಡಿ ಜೋಡೀಲಿ ಪಾಠ ಏಳ್ತಾರೆ, ಒಂದೇ ಫ್ಲಾಸ್ಕ್‌ನಾಗೆ ಟೀ ಬೇರೆ, ಅದ್ರ ಕತೆ ಇನ್ನೊಂದೈತೆ, ನಿಮ್ಗ್ ಬ್ಯಾಡ. ಎಂಗಸ್ರನ್ನ ಸೇರ್ಸೋದು ನಾನೇ. ತೊಪ್ಪೂರು ಕಡೆ ಆಸ್ಪತ್ರೆಗೋಳೂ ಇಂಗೇ ಕೂಡ್ಲಿ ಅನ್ನೋದೇ ನನ್ನಾಸೆ. ಪಕ್ಕದೋರ್ನ ಕೇಳಕ್ಕೆ ನಾಚ್ಕಬಾರ್ದು ಕಣ್ರಲಾ.

ಮೊನ್ನೆ ಪಾಠ ಮುಗೀತಿದ್ದಂಗೆ ಪಕ್ಕದ್ಮನೆ ಚಿಕ್ಕತಾಯಿ ನನ್ ಮುಖಕ್ಕೇ ಅಂದ್ಳು, "ಅಕ್ಕಾ, ಇಷ್ಟ್ ವರ್ಸ ನಿನ್ ಬಾಯಿಗೆ ಸರ್ಕಾರ ಸಂಬ್ಳ ಕೊಡ್ತಲ್ಲಾ, ನೀನ್ ಅದ್ನ ದುಡ್ದಿದ್ದು ರಿಟೈರ್ ಆದ್ಮ್ಯಾಲೆ!"